ಸಂತೆಪೇಟೆಯ ಬ್ರೂವರಿ, ಮರಳಿ ಮನೆಯವರ ಕೈಗೆ

ಇಂಗ್ಲೆಂಡಿನ ಉತ್ತರ ಯಾರ್ಕ್‌ಷೈರಿನಲ್ಲಿ, ಯೂರ್ ನದಿಯ ದಂಡೆಯಲ್ಲಿ ಮ್ಯಾಸಮ್ ಎಂಬ ಪುಟ್ಟ ಪೇಟೆಯಿದೆ. ಊರು ಸಣ್ಣದಾದರೂ ಸಂತೆಯ ಬಯಲು ಬಲು ದೊಡ್ಡದು. ಸುತ್ತಲಿನ ಗುಡ್ಡಗಳಿಂದ ಕುರಿಗಳ ಹಿಂಡುಗಳು ಮಾರಾಟಕ್ಕೆ ಇಳಿದು ಬರುತ್ತಿದ್ದ ಊರದು. ದಿನವಿಡೀ ಚೌಕಾಶಿ ಮಾಡಿ ದಣಿದವರಿಗೆ ಬಿಯರು ಬೇಕಿತ್ತು. ಥೀಕ್‌ಸ್ಟನ್ ಮನೆತನದ ಕಸುಬು ಬೆಳೆದದ್ದು ಈ ಸಂತೆಯ ನೆರಳಿನಲ್ಲೇ.

1827ರಲ್ಲಿ ರಾಬರ್ಟ್ ಥೀಕ್‌ಸ್ಟನ್ ಪಾಲುದಾರನೊಬ್ಬನ ಜತೆ ಸೇರಿ ಊರಿನ ‘ಬ್ಲ್ಯಾಕ್ ಬುಲ್’ ಪಬ್ಬನ್ನೂ ಅದರ ಬಿಯರ್ ಮನೆಯನ್ನೂ ಗುತ್ತಿಗೆಗೆ ಹಿಡಿದ. 1875ರಲ್ಲಿ ಮಗ ಥಾಮಸ್ ಹತ್ತಿರದಲ್ಲೇ ಗೋಪುರದಂತೆ ಎತ್ತರದ ಹೊಸ ಬ್ರೂವರಿ ಕಟ್ಟಿಸಿದ. ಆ ಎತ್ತರಕ್ಕೆ ಕಾರಣವಿದೆ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಮೇಲಕ್ಕೆ ಏರಿಸಿಬಿಟ್ಟರೆ ಸಾಕು. ಬಿಸಿನೀರಿನಲ್ಲಿ ನೆನೆದು ಬಿಟ್ಟ ಸಿಹಿರಸ ಹಾಪ್ಸ್ ಹೂಗಳೊಡನೆ ಕುದಿದು, ಆರಿ, ಯೀಸ್ಟ್ ಸೇರಿ ಹುದುಗುತ್ತ ಅಂತಸ್ತಿನಿಂದ ಅಂತಸ್ತಿಗೆ ತಾನೇ ಇಳಿಯುತ್ತದೆ. ಪೀಪಾಯಿ ಸೇರಿದ ಮೇಲೂ ಯೀಸ್ಟ್ ಸಾಯುವುದಿಲ್ಲ. ಅಲ್ಲೇ ಮೆಲ್ಲನೆ ಹುದುಗಿ ಬಿಯರನ್ನು ಹದಕ್ಕೆ ತರುತ್ತದೆ.

ಇಲ್ಲಿನ ಹೆಸರಾಂತ ಕಪ್ಪು ಬಿಯರು ‘ಓಲ್ಡ್ ಪೆಕ್ಯೂಲಿಯರ್’. ಯಾರ್ಕಿನ ಆರ್ಚ್‌ಬಿಷಪ್ಪರ ಹಿಡಿತಕ್ಕೆ ಒಳಪಡದೆ ಸ್ವತಂತ್ರವಾಗಿದ್ದ ಮ್ಯಾಸಮ್ಮಿನ ಚರ್ಚ್ ನ್ಯಾಯಾಲಯಕ್ಕೆ ‘ಪೆಕ್ಯೂಲಿಯರ್’ ಎಂಬ ಹೆಸರಿತ್ತು; ಬಿಯರಿನ ಹೆಸರು ಬಂದದ್ದು ಅದರಿಂದಲೇ. ಆ ನ್ಯಾಯಾಲಯದ ಮುದ್ರೆಯೇ ಇಂದು ಬ್ರೂವರಿಯ ಲಾಂಛನ.

ಲೋಹದ ಪೀಪಾಯಿಗಳು ಬಂದ ಮೇಲೂ ಇಲ್ಲಿ ಮರದ ಪೀಪಾಯಿ ಕಟ್ಟುವ ಕಸುಬನ್ನು ಉಳಿಸಿಕೊಂಡಿದ್ದಾರೆ. ಗಾಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಬಿಗಿಯುವುದನ್ನು ಕಂಡವರಿಗೆ ಈ ಕೆಲಸ ಬೇಗ ಅರ್ಥವಾದೀತು. ಓಕ್ ಮರದ ಹಲಗೆಗಳ ಅಂಚನ್ನು ಓರೆಯಾಗಿ ಹೆರೆದು, ವೃತ್ತಾಕಾರವಾಗಿ ನಿಲ್ಲಿಸಿ, ಶಾಖ ಕೊಟ್ಟು ಬಗ್ಗಿಸಿ, ಸುತ್ತಲೂ ಕಬ್ಬಿಣದ ಬಳೆ ತೊಡಿಸಿ ಸುತ್ತಿಗೆಯಿಂದ ಬಡಿದು ಕೂರಿಸುತ್ತಾರೆ. ಮೊಳೆಯಿಲ್ಲ, ಅಂಟಿಲ್ಲ. ಆದರೂ ಒಂದು ಹನಿ ಸೋರಬಾರದು. ಕಲಿಕೆ ಮುಗಿಸಿದ ಹುಡುಗನನ್ನು ಪೀಪಾಯಿಯೊಳಗೆ ಇಳಿಸಿ, ಮಸಿ, ಮರದ ಹೊಟ್ಟು, ಬಿಯರು ಸುರಿದು ಉರುಳಿಸುವುದು ಈ ಕಸುಬಿನವರ ಹಳೆಯ ಪದ್ಧತಿ.

ಮನೆತನದ ಹಾದಿ ಸಲೀಸಾಗಿರಲಿಲ್ಲ. 1974ರಲ್ಲಿ ಕಾರ್ಲೈಲ್ ಊರಿನ ಸರ್ಕಾರಿ ಬ್ರೂವರಿಯನ್ನು ಕೊಂಡರು. ಆದರೆ ಮುಂದಿನ ದಶಕದಲ್ಲಿ ತಮ್ಮ ಸ್ವಂತ ಬ್ರೂವರಿಯೇ ಮ್ಯಾಥ್ಯೂ ಬ್ರೌನ್ ಕಂಪನಿಯ ಪಾಲಾಯಿತು. 1987ರಲ್ಲಿ ಆ ಕಂಪನಿಯನ್ನೇ ಸ್ಕಾಟಿಷ್ ಅಂಡ್ ನ್ಯೂಕ್ಯಾಸಲ್ ಎಂಬ ಭಾರೀ ಸಂಸ್ಥೆ ಕೊಂಡಿತು. ಬ್ರೂವರಿಯಿಂದ ಹೊರಬಂದ ಅದೇ ಮನೆತನದ ಪಾಲ್ ಥೀಕ್‌ಸ್ಟನ್ 1992ರಲ್ಲಿ ಅದೇ ಊರಿನಲ್ಲಿ ‘ಬ್ಲ್ಯಾಕ್ ಶೀಪ್’ ಬ್ರೂವರಿ ಆರಂಭಿಸಿದರು. ಕೊನೆಗೆ 2003ರಲ್ಲಿ ಮನೆತನದ ನಾಲ್ವರು ಸಹೋದರರು ಹಿರಿಯರ ಬ್ರೂವರಿಯನ್ನು ಮರಳಿ ಕೊಂಡುಕೊಂಡರು.

ಹಳೆಯ ಕಸುಬು ಉಳಿಯಬೇಕಾದರೆ ಹಳೆಯ ಹೆಸರೊಂದಿದ್ದರೆ ಸಾಲದು. ಆ ಹೆಸರನ್ನು ತಮ್ಮದೆಂದು ಹೊರುವ ಜನವೂ ಅದೇ ಊರಿನಲ್ಲಿ ಇರಬೇಕು. ರಾಬರ್ಟ್ ಹೂಡಿದ ಈ ಉದ್ಯಮಕ್ಕೆ 2027ರಲ್ಲಿ ಇನ್ನೂರು ವರ್ಷ ತುಂಬುತ್ತದೆ.