‘ಬೇಡ’ ಎನ್ನುವುದಕ್ಕೂ ಒಂದು ಚಿತ್ರ ಬೇಕು

‘ಊಟ ಚೆನ್ನಾಗಿತ್ತಾ?’ ಅಂದರೆ ಹೂಂ. ‘ಚೆನ್ನಾಗಿರಲಿಲ್ವಾ?’ ಅಂದರೂ ಹೂಂ. ಬೌದ್ಧಿಕ ಅಂಗವೈಕಲ್ಯ ಇರುವ ಮಗನನ್ನೋ ತಂಗಿಯನ್ನೋ ನೋಡಿಕೊಳ್ಳುವ ಮನೆಗಳಿಗೆ ಈ ಹೂಂ ಚಿರಪರಿಚಿತ. ಎದುರಿನವರಿಗೆ ಬೇಕಾದ ಉತ್ತರ ಕೊಟ್ಟರೆ ಪ್ರಶ್ನೆ ಅಲ್ಲಿಗೇ ಮುಗಿಯುತ್ತದೆ, ಯಾರೂ ಗದರುವುದಿಲ್ಲ ಎಂಬುದನ್ನು ಅವರಲ್ಲಿ ಅನೇಕರು ಕಂಡುಕೊಂಡಿರುತ್ತಾರೆ. ಯಾವ ಅಂಗಿ, ಯಾವ ಕೆಲಸ, ಅಪ್ಪ ಅಮ್ಮನ ಕಾಲಾನಂತರ ಯಾರ ಮನೆ, ಎಲ್ಲವೂ ಆ ಹೂಂ ಮೇಲೆಯೇ ತೀರ್ಮಾನವಾಗಿಬಿಡುತ್ತದೆ.

ಆ ಹೂಂ ದಾಟಿ ಮನಸ್ಸು ತಿಳಿಯಲು ಒಂದು ದಾರಿ ಸ್ಕಾಟ್ಲೆಂಡಿನ ಸ್ಟರ್ಲಿಂಗ್ ವಿಶ್ವವಿದ್ಯಾಲಯದಲ್ಲಿ 1990ರ ದಶಕದಲ್ಲಿ ರೂಪುಗೊಂಡಿತು. ವಾಕ್ ಚಿಕಿತ್ಸಕಿ ಜೋನ್ ಮರ್ಫಿ ಬೆಳೆಸಿದ ಈ ವಿಧಾನದ ಹೆಸರು ‘ಟಾಕಿಂಗ್ ಮ್ಯಾಟ್ಸ್’. ಬೇಕಾಗುವುದು ಚಿಕ್ಕದೊಂದು ಚಾಪೆ, ಒಂದಷ್ಟು ಚಿತ್ರದ ಚೀಟಿ. ಚಾಪೆಯ ಮೇಲ್ಭಾಗದಲ್ಲಿ ಮೂರು ಗುರುತು: ಇಷ್ಟ, ಹೇಳಲಾರೆ, ಇಷ್ಟವಿಲ್ಲ. ಇವತ್ತಿನ ವಿಷಯ ‘ಹಗಲಿನ ಕೆಲಸ’ ಎಂದಿಟ್ಟುಕೊಳ್ಳಿ. ತೋಟ, ಬಸ್ ಪ್ರಯಾಣ, ಮೇಣದಬತ್ತಿ ಮಾಡುವುದು, ಪಕ್ಕ ಕೂರುವ ಗೆಳೆಯ, ಹೀಗೆ ಒಂದೊಂದೇ ಚೀಟಿ ಕೈಗೆ ಕೊಡಬೇಕು. ‘ಇದು ಹೇಗನ್ನಿಸುತ್ತೆ?’ ಎಂದಷ್ಟೇ ಕೇಳಬೇಕು, ‘ಇಷ್ಟ ಅಲ್ವಾ?’ ಎನ್ನಬಾರದು. ಚೀಟಿ ಎಲ್ಲಿಗೆ ಹೋಗಬೇಕೆಂಬುದು ಅವರಿಗೆ ಬಿಟ್ಟದ್ದು. ಮೇಣದಬತ್ತಿಯ ಚೀಟಿಯನ್ನು ‘ಇಷ್ಟವಿಲ್ಲ’ದ ಕೆಳಗಿಟ್ಟು, ಮತ್ತೆ ಎತ್ತಿ, ಚಾಪೆಯ ಅಂಚಿಗೇ ತಳ್ಳಿದರೆ ಅದಕ್ಕಿಂತ ಸ್ಪಷ್ಟ ಮಾತು ಯಾವುದಿದೆ? ಕೊನೆಗೆ ಇಬ್ಬರೂ ಇಡೀ ಚಾಪೆಯನ್ನು ಇನ್ನೊಮ್ಮೆ ನೋಡುತ್ತಾರೆ. ಬದಲಿಸುವುದಿದ್ದರೆ ಬದಲಿಸಿ, ಫೋಟೊ ತೆಗೆದಿಟ್ಟುಕೊಳ್ಳುತ್ತಾರೆ. ಫೋಟೊ ಫೈಲು ಸೇರಿ, ಮರುದಿನವೂ ಅವರನ್ನು ಮೇಣದಬತ್ತಿಯ ಮುಂದೆಯೇ ಕೂರಿಸಿದರೆ ಮಾತ್ರ ಕೇಳಿದ್ದೂ ದಂಡ, ಹೇಳಿದ್ದೂ ದಂಡ.

ಇದು ಎಲ್ಲರಿಗೂ ಒಗ್ಗುವುದಿಲ್ಲ. ಗೆರೆಚಿತ್ರ ಹಿಡಿಸದವರಿಗೆ ಫೋಟೊ ಬೇಕು, ಫೋಟೊ ಕೂಡ ಅರ್ಥವಾಗದವರಿಗೆ ಲೋಟವನ್ನೋ ಟವೆಲನ್ನೋ ಕೈಗೇ ಕೊಟ್ಟು ಮುಖ ನೋಡಬೇಕು.

ಚಿತ್ರವೆಂದರೆ ಅಂಗನವಾಡಿಯ ಗೋಡೆಗೆ ಸೇರಿದ್ದು, ಬೆಳೆದವರಿಗೆ ಅವಮಾನ ಎಂಬ ಹಿಂಜರಿಕೆ ನಮ್ಮಲ್ಲಿದೆ. ಆದರೆ ಇಂದು ಮಕ್ಕಳ ಕಾರ್ಯಕ್ರಮಗಳಲ್ಲೂ ಕಾಣುವ ‘ಮ್ಯಾಕಟನ್’ ಎಂಬ ಸನ್ನೆ-ಸಂಕೇತಗಳ ಪದ್ಧತಿ ಹುಟ್ಟಿದ್ದು ವಯಸ್ಕರಿಗಾಗಿಯೇ. 1970ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಸರ್ರೆಯ ಬಾಟ್ಲೀಸ್ ಪಾರ್ಕ್ ಆಸ್ಪತ್ರೆಯಲ್ಲಿದ್ದ, ಕಿವಿಯೂ ಕೇಳದ ನಿವಾಸಿಗಳಿಗೆಂದು ಮಾರ್ಗರೆಟ್ ವಾಕರ್ ಅದನ್ನು ರೂಪಿಸಿದರು. ಮೊದಲು ಬಂದದ್ದು ಕೈಸನ್ನೆ, ಚಿತ್ರಸಂಕೇತ ಸೇರಿದ್ದು ಆಮೇಲೆ. ಮನೋವೈದ್ಯೆ ಶೀಲಾ ಹಾಲಿನ್ಸ್ 1989ರಲ್ಲಿ ಬೌದ್ಧಿಕ ಅಂಗವೈಕಲ್ಯ ಇರುವವರಿಗೆಂದು ಅಕ್ಷರವಿಲ್ಲದ ಚಿತ್ರಪುಸ್ತಕಗಳನ್ನು ತಂದಾಗ ಮೊದಲು ಆರಿಸಿಕೊಂಡ ವಿಷಯ ಅಪ್ಪ ಅಮ್ಮನ ಸಾವು. ನಮ್ಮಲ್ಲಿ ಇಂಥವರನ್ನು ಪಕ್ಕದ ಮನೆಗೆ ಕಳಿಸಿ ಸಂಸ್ಕಾರ ಮುಗಿಸಿಬಿಡುತ್ತೇವೆ. ಆಮೇಲೆ ಅವರು ತಿಂಗಳುಗಟ್ಟಲೆ ಬಾಗಿಲಲ್ಲಿ ಕಾಯುತ್ತಿದ್ದರೆ ಹಟ ಎನ್ನುತ್ತೇವೆ. ಅಷ್ಟಕ್ಕೂ 1951-52ರ ಮೊದಲ ಮಹಾಚುನಾವಣೆಯಿಂದ ಚಿಹ್ನೆ ನೋಡಿ ಮತ ಹಾಕುತ್ತ ಬಂದ ದೇಶ ನಮ್ಮದು. ಆ ಮತದಾರರ ತೀರ್ಪನ್ನು ಯಾರೂ ಮಕ್ಕಳಾಟ ಎನ್ನಲಿಲ್ಲ.

ನನ್ನ ತಕರಾರಿರುವುದು, ಬೇಕಾದ್ದನ್ನು ಬೆರಳಿಟ್ಟು ತೋರಿಸಲೆಂದು ನಾವು ಮಾಡಿಕೊಡುವ ಚಿತ್ರದ ಬೋರ್ಡುಗಳ ಬಗ್ಗೆ. ಊಟ, ನೀರು, ಶೌಚ, ಮಲಗು: ಇವಿಷ್ಟೇ ಇದ್ದರೆ ಅದರಿಂದ ಅನುಕೂಲವಾಗುವುದು ನೋಡಿಕೊಳ್ಳುವವರಿಗೆ. ಮೂವತ್ತೈದು ದಾಟಿದವರನ್ನೂ ಮನೆಯಲ್ಲಿ ‘ಪುಟ್ಟ’ ಎಂದೇ ಕರೆಯುತ್ತೇವೆ, ಬೋರ್ಡನ್ನೂ ಪುಟ್ಟನಿಗೇ ಮಾಡುತ್ತೇವೆ. ದುಡ್ಡು, ನೋವು, ಮುಟ್ಟಿನ ದಿನ, ಸಿಟ್ಟು, ಬಾಗಿಲು ಹಾಕಿಕೊಳ್ಳಬೇಕು, ನನ್ನ ಮೈಮೇಲೆ ಕೈ ಹಾಕಬೇಡ, ಇವಕ್ಕೆಲ್ಲ ಚಿತ್ರ ಬೇಕು. ಎಲ್ಲಕ್ಕಿಂತ ಮೊದಲು ‘ಬೇಡ’ ಬೇಕು. ಮುದ್ದೆ ಉಣ್ಣುವವರ ಬೋರ್ಡಿನಲ್ಲಿ ಫೋರ್ಕ್ ಇಟ್ಟ ತಟ್ಟೆ ಬೇಡ, ಅವರದೇ ತಟ್ಟೆಯ ಫೋಟೊ ಇರಲಿ. ಉಳಿದದ್ದಕ್ಕೆ ಸ್ಪೇನಿನ ಅರಾಗೊನ್ ಪ್ರಾಂತದ ಸರ್ಕಾರ ಪುಕ್ಕಟೆಯಾಗಿ ಒದಗಿಸುವ ‘ಅರಾಸಾಕ್’ ಸಂಕೇತಗಳಿವೆ. ಮನೆಯವರೂ ಮಾತಾಡುತ್ತಲೇ ಚಿತ್ರಕ್ಕೆ ಬೆರಳಿಟ್ಟು ತೋರಿಸಬೇಕು. ನಾವು ಬಳಸದ ಬೋರ್ಡನ್ನು ಅವರೂ ಬಳಸುವುದಿಲ್ಲ. ಚಿತ್ರ ಕೊಟ್ಟರೆ ಇರುವ ಮಾತೂ ನಿಂತುಹೋದೀತೆಂಬ ಭಯಕ್ಕೆ ಸಂಶೋಧನೆಯ ಬೆಂಬಲವಿಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇಂಥ ಬೋರ್ಡುಗಳ ಬಗ್ಗೆ ವಿಚಾರಿಸಬಹುದು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ‘ಸಂವಹನ’ ಎಂಬುದರ ವ್ಯಾಖ್ಯೆಯಲ್ಲೇ ಇಂಥ ಪರ್ಯಾಯ ವಿಧಾನಗಳನ್ನು ಸೇರಿಸಿದೆ. ಆದ್ದರಿಂದ ಹದಿನೆಂಟು ತುಂಬಿದ ಬಳಿಕ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಪಾಲಕರ ನೇಮಕಕ್ಕೆ ಅರ್ಜಿ ಹಾಕುವ ಮನೆಗಳಲ್ಲಿ ನನ್ನದೊಂದು ಕೋರಿಕೆ. ಅರ್ಜಿಗೆ ಸಹಿ ಬೀಳುವ ಮೊದಲು ಅಣ್ಣನದು, ಅತ್ತಿಗೆಯದು, ಚಿಕ್ಕಮ್ಮನದು ಒಂದೊಂದು ಫೋಟೊ ತೆಗೆದುಕೊಂಡು ಆ ಮಗನ ಎದುರೋ ಮಗಳ ಎದುರೋ ಕುಳಿತುಕೊಳ್ಳಿ.