ವಿಮಾನ ಹತ್ತುವ ಮುಂಚೆ ಬ್ಯಾಂಕಿಗೊಮ್ಮೆ

ಬಸವನಗುಡಿಯಲ್ಲಾಗಲಿ ಮಲ್ಲೇಶ್ವರದಲ್ಲಾಗಲಿ, ಮಕ್ಕಳು ಹೊರದೇಶದಲ್ಲಿಲ್ಲದ ಬೀದಿ ಸಿಗುವುದು ಕಷ್ಟ. ಹೊರಡುವವರ ಸೂಟ್‌ಕೇಸಿಗೆ ಹುಳಿಪುಡಿ, ಚಟ್ನಿಪುಡಿ ತೂಗಿ ತೂಗಿ ಇಡುತ್ತಾರೆ. ಎಸ್‌ಬಿ ಖಾತೆಯ ಮಾತು ಬಂದರೆ ಮಾತ್ರ 'ಅಲ್ಲಿಗೆ ಹೋದಮೇಲೆ ನೋಡೋಣ'.

1999ರ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ (ಫೆಮಾ) ಅಷ್ಟು ಹೊತ್ತು ಕಾಯುವುದಿಲ್ಲ. ಕೆಲಸಕ್ಕೆಂದು ಹೊರಟವರು ಹೊರಟಾಗಿನಿಂದಲೇ ಅದರ ಪಾಲಿಗೆ ಅನಿವಾಸಿ. ಓದಲು ಹೋದವರೂ ಅಷ್ಟೇ ಎಂದು ರಿಸರ್ವ್ ಬ್ಯಾಂಕ್ 2003ರಲ್ಲಿ ಸ್ಪಷ್ಟಪಡಿಸಿದೆ. ಆದಾಯ ತೆರಿಗೆಯ 182 ದಿನಗಳ ಲೆಕ್ಕವೇ ಬೇರೆ: ಡಿಸೆಂಬರಿನಲ್ಲಿ ಹೊರಟವರು ಆ ವರ್ಷದ ತೆರಿಗೆಗೆ ನಿವಾಸಿ, ಬ್ಯಾಂಕಿಗೆ ಅನಿವಾಸಿ. ಇವೆರಡನ್ನು ಕಲಸಿಕೊಂಡು ಸುಮ್ಮನಿರುವವರೇ ಹೆಚ್ಚು.

ಹಳೆಯ ಖಾತೆಯನ್ನು ಮುಚ್ಚಬೇಕಿಲ್ಲ, ಎನ್‌ಆರ್‌ಓ ಆಗಿ ಬದಲಿಸಿಕೊಂಡರಾಯಿತು. ಇಲ್ಲಿನ ಬಾಡಿಗೆ, ಡಿವಿಡೆಂಡ್, ಪಿಂಚಣಿ ಬೀಳುವುದು ಅದಕ್ಕೆ. ಬಡ್ಡಿಯಲ್ಲಿ ಶೇ 30 ತೆರಿಗೆ, ಮೇಲೆ ಸೆಸ್, ಬ್ಯಾಂಕೇ ಮುರಿದುಕೊಳ್ಳುತ್ತದೆ. ತೆರಿಗೆ ಕಟ್ಟಿದ ದಾಖಲೆ ಕೊಟ್ಟು ಹಣಕಾಸು ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ಹೊರಗೆ ಒಯ್ಯಬಹುದು. ಅಲ್ಲಿ ದುಡಿದು ಕಳಿಸುವ ಹಣಕ್ಕೆ ಎನ್‌ಆರ್‌ಇ ಖಾತೆ. ಅದರ ಬಡ್ಡಿಗೆ ಇಲ್ಲಿ ತೆರಿಗೆಯಿಲ್ಲ, ವಾಪಸ್ ಒಯ್ಯಲು ಮಿತಿಯೂ ಇಲ್ಲ. ಆದರೆ ಅಮೆರಿಕದಲ್ಲಿ ನೆಲೆಸಿದವರು ಆ ಬಡ್ಡಿಯನ್ನು ಅಲ್ಲಿ ತೋರಿಸಲೇಬೇಕು. ಅಮೆರಿಕದ ಹೊರಗಿನ ಖಾತೆಗಳ ಮೊತ್ತ ವರ್ಷದಲ್ಲಿ ಒಂದು ದಿನ 10,000 ಡಾಲರ್ ದಾಟಿದರೂ ಆ ಸರ್ಕಾರಕ್ಕೆ ವಿವರ ಸಲ್ಲಿಸಬೇಕು. ಅಮ್ಮನ ಜೊತೆಗಿನ ಜಂಟಿ ಖಾತೆಯೂ ಆ ಲೆಕ್ಕಕ್ಕೆ ಸೇರುತ್ತದೆ.

ಜಂಟಿ ಖಾತೆಯಲ್ಲೇ ಗೊಂದಲ ಜಾಸ್ತಿ. ಅಮ್ಮನ ಖಾತೆಯಲ್ಲಿ ಮಗನ ಹೆಸರು ಎರಡನೆಯದಾಗಿದ್ದರೆ, ಬ್ಯಾಂಕಿಗೆ ತಿಳಿಸಿ ಹಾಗೆಯೇ ಮುಂದುವರಿಸಬಹುದು. ಅದು ಅಮ್ಮನ ದುಡ್ಡು, ಅಮ್ಮನ ಖರ್ಚಿಗೆ. ಮಗನ ಸ್ವಂತ ಖಾತೆಗೆ ಈ ರಿಯಾಯಿತಿ ಇಲ್ಲ. ಅದನ್ನು ಇಲ್ಲಿ ಯಾರಾದರೂ ನಡೆಸಬೇಕಿದ್ದರೆ ಹೊರಡುವ ಮುಂಚೆಯೇ ಪವರ್ ಆಫ್ ಅಟಾರ್ನಿ ಬರೆದುಕೊಡುವುದು ವಾಸಿ. ಅಲ್ಲಿಂದ ಮಾಡಿಸಲು ರಾಯಭಾರ ಕಚೇರಿಯನ್ನೋ ನೋಟರಿಯನ್ನೋ ಹುಡುಕಿಕೊಂಡು ಹೋಗಬೇಕು.

ಈ ಬಡಾವಣೆಗಳವರಿಗೆ ಇನ್ನೊಂದು ಮಾತು. ಹೆಚ್ಚು ಬಡ್ಡಿಗೆಂದು ಸಹಕಾರಿ ಬ್ಯಾಂಕಿನಲ್ಲಿ ಎಫ್‌ಡಿ ಇಡುವುದು ಇಲ್ಲಿ ಹಳೆಯ ರೂಢಿ. 2020ರ ಜನವರಿಯಲ್ಲಿ ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿಗೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದಾಗ ಮೊದಲು ತೆಗೆಯಬಹುದಾಗಿದ್ದುದು 35,000 ರೂಪಾಯಿ ಮಾತ್ರ. ಮರುತಿಂಗಳು ಠೇವಣಿ ವಿಮೆ 1 ಲಕ್ಷದಿಂದ 5 ಲಕ್ಷಕ್ಕೆ ಏರಿತು. ಹಣಕ್ಕಾಗಿ ಬ್ಯಾಂಕಿನ ಮುಂದೆ ಸರದಿಯಲ್ಲಿ ಬಂದು ನಿಲ್ಲಲಾಗದವರು ಒಂದೇ ಕಡೆ ಅದಕ್ಕಿಂತ ಹೆಚ್ಚು ಇಡದಿರುವುದೇ ಮೇಲು. ಎನ್‌ಆರ್‌ಇ ಖಾತೆ ನಡೆಸುವ ಅನುಮತಿಯೂ ಎಲ್ಲ ಸಹಕಾರಿ ಬ್ಯಾಂಕುಗಳಿಗಿಲ್ಲ.

ಪಿಪಿಎಫ್ ಅನ್ನು 15 ವರ್ಷ ತುಂಬುವವರೆಗೆ ಮುಂದುವರಿಸಬಹುದು, ಆಮೇಲೆ ವಿಸ್ತರಣೆ ಇಲ್ಲ, ಹೊಸದನ್ನು ತೆರೆಯುವಂತಿಲ್ಲ. ಮಗಳೂ ಜೊತೆಗೆ ನೆಲೆಸಲು ಹೊರಟರೆ ಸುಕನ್ಯಾ ಸಮೃದ್ಧಿ ಮುಗಿಸಬೇಕು. ಮ್ಯೂಚುವಲ್ ಫಂಡ್, ಡಿಮ್ಯಾಟ್‌ಗಳಲ್ಲಿ ಕೆವೈಸಿ ಬದಲಿಸಿ. ಅಮೆರಿಕ, ಕೆನಡಾದಲ್ಲಿರುವವರ ಹೊಸ ಹಣವನ್ನು ಕೆಲವು ಫಂಡ್ ಸಂಸ್ಥೆಗಳು ಒಲ್ಲವು, ಮೊದಲೇ ಕೇಳಿಕೊಳ್ಳಿ. ಮನೆ ಬಾಡಿಗೆಗೆ ಕೊಟ್ಟಿದ್ದರೆ ಬಾಡಿಗೆದಾರರಿಗೂ ವಿಷಯ ತಿಳಿಸಿ, ಅನಿವಾಸಿ ಮಾಲೀಕರ ಬಾಡಿಗೆಯಲ್ಲಿ ತೆರಿಗೆ ಮುರಿದು ಕಟ್ಟುವ ಹೊಣೆ ಅವರದು.

ಓಟಿಪಿ ಬರುವ ಸಿಮ್ ಜೀವಂತವಾಗಿರಲಿ. ಎರಡು ವರ್ಷ ವ್ಯವಹಾರವಿಲ್ಲದ ಖಾತೆ ನಿಷ್ಕ್ರಿಯವಾಗುತ್ತದೆ, ಹತ್ತು ವರ್ಷವಾದರೆ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರಿನ ಪಾಸ್‌ಬುಕ್ಕನ್ನು ಬೀರುವಿನಲ್ಲಿಟ್ಟು ಹೋದವರು ಈಗ ಎಸ್‌ಬಿಐ ಶಾಖೆಗೆ ಹೋಗಬೇಕು, 2017ರಲ್ಲಿ ಅದು ವಿಲೀನವಾಯಿತು. ಯಾರೂ ಕೇಳದೆ ಉಳಿದ ಠೇವಣಿಯನ್ನು ರಿಸರ್ವ್ ಬ್ಯಾಂಕಿನ 'ಉದ್ಗಮ್' ತಾಣದಲ್ಲಿ ಹುಡುಕಬಹುದು. ನಿಧಿಗೆ ಹೋದ ಹಣವನ್ನೂ ಬ್ಯಾಂಕಿನ ಮೂಲಕ ಬಡ್ಡಿಸಮೇತ ಕೇಳಿ ಪಡೆಯಲು ಅವಕಾಶವಿದೆ.