ಐದು ಮಿಲಿಗ್ರಾಂ ತೂಗುವ 500 ಕೋಟಿ

ಹಸಿ ಹಾಲಿನ ಒಂದು ಮಿಲಿಲೀಟರಿನಲ್ಲಿ 2 ಲಕ್ಷದವರೆಗೆ ಬ್ಯಾಕ್ಟೀರಿಯಾ ಇದ್ದರೂ ಭಾರತೀಯ ಮಾನದಂಡದಲ್ಲಿ ಅದು 'ಅತ್ಯುತ್ತಮ' ಹಾಲೇ. ಅಂದರೆ ಹನಿಗೆ ಸುಮಾರು 10 ಸಾವಿರ! ಕಳಪೆ ಎನಿಸಿಕೊಳ್ಳಬೇಕಾದರೆ 50 ಲಕ್ಷ ದಾಟಬೇಕು. ಅಂಥ ಹಾಲಿನ ಒಂದು ಲೀಟರಿನಲ್ಲಿ 500 ಕೋಟಿ ಜೀವಗಳಿರುತ್ತವೆ. ಒಂದೊಂದರ ತೂಕ ಗ್ರಾಮಿನ ಲಕ್ಷ ಕೋಟಿಯಲ್ಲೊಂದು ಪಾಲು. ಅಷ್ಟನ್ನೂ ಸೋಸಿ ತಕ್ಕಡಿಗೆ ಹಾಕಿದರೆ ಐದು ಮಿಲಿಗ್ರಾಂ, ಅಕ್ಕಿಕಾಳಿನ ಕಾಲುಭಾಗ.

ಇಷ್ಟನ್ನು ಎಣಿಸುತ್ತಾ ಕೂರಲು ಡೇರಿಯ ಲ್ಯಾಬಿಗೆ ಪುರುಸೊತ್ತಿಲ್ಲ. ಅಲ್ಲಿ 10 ಮಿಲಿಲೀಟರ್ ಹಾಲಿಗೆ 1 ಮಿಲಿಲೀಟರ್ ಮೀಥಿಲೀನ್ ಬ್ಲೂ ದ್ರಾವಣ ಬೆರೆಸಿ, ಬಿರಡೆ ಹಾಕಿ, 37 ಡಿಗ್ರಿಯ ನೀರಿನಲ್ಲಿ ಇಡುತ್ತಾರೆ. ಬಣ್ಣದ ಪ್ರಮಾಣ ಸುಮಾರು ಮೂರು ಲಕ್ಷದಲ್ಲಿ ಒಂದು ಭಾಗ ಅಷ್ಟೇ. ಆದರೂ ಹಾಲು ತಿಳಿನೀಲಿಯಾಗುತ್ತದೆ. ಬ್ಯಾಕ್ಟೀರಿಯಾಗಳು ಹಾಲಿನಲ್ಲಿ ಕರಗಿದ ಆಮ್ಲಜನಕವನ್ನು ಮುಗಿಸಿದ ಮೇಲೆ ಅವುಗಳ ಉಸಿರಾಟದ ಎಲೆಕ್ಟ್ರಾನುಗಳು ಬಣ್ಣದ ಅಣುವಿಗೆ ಸೇರುತ್ತವೆ. ನೀಲಿ ಹೋಗಿ ಹಾಲು ಮತ್ತೆ ಬೆಳ್ಳಗಾಗುತ್ತದೆ. ಗಾಳಿ ತಾಗುವ ಮೇಲ್ಭಾಗದಲ್ಲಿ ಮಾತ್ರ ತೆಳುವಾದ ನೀಲಿ ಉಂಗುರ ಉಳಿಯುತ್ತದೆ. ಟ್ಯೂಬನ್ನು ಜೋರಾಗಿ ಅಲ್ಲಾಡಿಸುವಂತಿಲ್ಲ, ಆಮ್ಲಜನಕ ಬೆರೆತು ಹೋದ ಬಣ್ಣ ವಾಪಸು ಬಂದುಬಿಡುತ್ತದೆ! ನೀಲಿ 5 ಗಂಟೆಗೂ ಹೆಚ್ಚು ನಿಂತರೆ ಹಾಲು ಅತ್ಯುತ್ತಮ. ಅರ್ಧ ಗಂಟೆಯೊಳಗೆ ಹೋದರೆ ಕಳಪೆ. ಲಕ್ಷ, ಕೋಟಿಗಳ ಲೆಕ್ಕವನ್ನು ಗೋಡೆಯ ಗಡಿಯಾರವೇ ಹೇಳಿಬಿಡುವ ಈ ಉಪಾಯ ನನಗೆ ಎಷ್ಟು ಸಲ ನೆನೆದರೂ ಬೆರಗು.

ಹೊತ್ತು ಇಲ್ಲಿ ಅಷ್ಟು ಮುಖ್ಯವಾಗಲು ಕಾರಣವಿದೆ. ಹಿತವಾದ ಶಾಖದಲ್ಲಿ, ಆಹಾರಕ್ಕೆ ಕೊರತೆಯಿಲ್ಲದಿದ್ದರೆ, ಇ. ಕೊಲೈ 20 ನಿಮಿಷಕ್ಕೊಮ್ಮೆ ಇಬ್ಭಾಗವಾಗುತ್ತದೆ. ಯಾವ ಅಡ್ಡಿಯೂ ಇಲ್ಲದೆ ಹೀಗೇ ನಡೆದರೆ ಒಂದೇ ಒಂದು ಜೀವಕೋಶದ ಸಂತತಿ 24 ಗಂಟೆಯಲ್ಲಿ ಸುಮಾರು 4,700 ಟನ್ ತೂಗಬೇಕು. 44 ಗಂಟೆಯಲ್ಲಿ ಹೆಚ್ಚುಕಡಿಮೆ ಭೂಮಿಯಷ್ಟು! ಆಹಾರ ಮುಗಿಯುವುದರಿಂದ, ಆಮ್ಲ ಹೆಚ್ಚುವುದರಿಂದ ಹಾಗಾಗುವುದಿಲ್ಲ. ಆದರೆ ಹಾಲಿನ ಕ್ಯಾನಿನಲ್ಲಿ ಮೊದಲ ಕೆಲವು ಗಂಟೆ ಅಂಥ ಅಡ್ಡಿ ಇರುವುದಿಲ್ಲ. ಈ ವೇಗದಲ್ಲಿ 2 ಲಕ್ಷ 50 ಲಕ್ಷವಾಗಲು ಐದು ಇಮ್ಮಡಿಯೂ ಬೇಡ, ಒಂದೂವರೆ ಗಂಟೆ ಸಾಕು. ಅತ್ಯುತ್ತಮಕ್ಕೂ ಕಳಪೆಗೂ ನಡುವೆ ಇರುವುದು ಅಷ್ಟೇ ಹೊತ್ತು.

ಆದ್ದರಿಂದಲೇ ಹಳ್ಳಿಯ ಹಾಲಿನ ಸಂಘದಲ್ಲೇ ಬಲ್ಕ್ ಮಿಲ್ಕ್ ಕೂಲರ್ ಕೂರಿಸುವುದು. 4 ಡಿಗ್ರಿಗೆ ಇಳಿದ ಹಾಲಿನಲ್ಲಿ, ಚಳಿಗೆ ಒಗ್ಗಿದ ಬ್ಯಾಕ್ಟೀರಿಯಾಗಳಿಗೂ ಒಮ್ಮೆ ಇಮ್ಮಡಿಯಾಗಲು ಹಲವು ಗಂಟೆ ಹಿಡಿಯುತ್ತದೆ.